ಪಾಠಶಾಲೆಗಳಿಗೆ ದಾದಿಯರು ಬೇಕು

ಪಾಠಶಾಲೆಗಳ ವಿಷಯದಲ್ಲಿ ಸರ್ಕಾರದವರು ಕೈ ಬಿಗಿಹಿಡಿದಿದ್ದಾರೆಂದು ದೂರುವುದು ನಮ್ಮ ಉದ್ದೇಶವಲ್ಲ. 2002ನೆಯ ಇಸವಿಯಲ್ಲಿ ಮೊದಲಾದ ಅಕ್ಷರ ದಾಸೋಹದಿಂದ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ದೊರೆಯುತ್ತಿದೆ. 2013ರಲ್ಲಿ ಕ್ಷೀರಭಾಗ್ಯ ಬಂದು ಹಾಲೂ ದೊರೆಯುವಂತಾಯಿತು. ಮಗುವಿನ ಪುಸ್ತಕಕ್ಕಾಗಿ ಬಡವನು ಸಾಲಮಾಡಬೇಕಾಗಿದ್ದ ಕಾಲ ಹಿಂದಾಯಿತು. ಇದೆಲ್ಲವೂ ಪ್ರಜೆಗಳ ಹಣದಿಂದಲೇ ಆದ ಕಾರ್ಯವಾದರೂ, ಆ ಹಣವನ್ನು ತಕ್ಕ ಕಡೆಗೆ ತಿರುಗಿಸಿದವರಿಗೆ ಅಭಿನಂದನೆ ಸಲ್ಲಲೇಬೇಕು. ಆದರೆ ಹಾಲು ಕುಡಿದು, ಊಟಮಾಡಿ, ಪಾಠಕ್ಕೆ ಕುಳಿತ ಮಗುವು ತಲೆಸುತ್ತಿ ಬಿದ್ದರೆ ಅದರ ನಾಡಿಯನ್ನು ಹಿಡಿದು ನೋಡತಕ್ಕವರು ಯಾರು? ಎಂದು ಕೇಳಿದರೆ, ರಾಜ್ಯದ ನಲವತ್ತು ಸಾವಿರಕ್ಕೂ ಮಿಕ್ಕಿದ ಸರ್ಕಾರಿ ಶಾಲೆಗಳ ಪೈಕಿ ಬಹುಪಾಲು ಎಲ್ಲ ಕಡೆಗಳಿಂದಲೂ ಬರುವ ಉತ್ತರ ಒಂದೇ: ಉಪಾಧ್ಯಾಯರು. ಲೆಕ್ಕ ಹೇಳಿಕೊಡುವವರೂ ಅವರೇ, ಚುನಾವಣೆಯ ಪಟ್ಟಿ ತಿದ್ದುವವರೂ ಅವರೇ, ಅಕ್ಕಿಬೇಳೆಯ ಲೆಕ್ಕ ಬರೆಯುವವರೂ ಅವರೇ. ಈಗ ವೈದ್ಯವೃತ್ತಿಯೂ ಅವರ ಪಾಲಿಗೆ ಬಂದಿದೆ. 2020ರಲ್ಲಿ ಹೊರಟ ಶಾಲಾ ಆರೋಗ್ಯ ಯೋಜನೆಯಲ್ಲಿ ಪ್ರತಿ ಶಾಲೆಯ ಇಬ್ಬರು ಉಪಾಧ್ಯಾಯರಿಗೆ ಆರೋಗ್ಯದ ರಾಯಭಾರಿಗಳೆಂಬ ಬಿರುದನ್ನು ದಯಪಾಲಿಸಲಾಯಿತು. ಬಿರುದು ದೊಡ್ಡದು. ಬಿರುದಿನೊಡನೆ ದಾದಿಯ ವಿದ್ಯೆ ಬಾರದು.

ಸರ್ಕಾರದ ಪಕ್ಷವನ್ನು ಹಿಡಿದವರು, ವೈದ್ಯರೇ ಶಾಲೆಗೆ ಬಂದು ಹೋಗುತ್ತಾರಲ್ಲ ಎನ್ನಬಹುದು. ಬರುತ್ತಾರೆ, ನಿಜ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧ ವಿತರಕ, ಇವರನ್ನು ಕೂಡಿಕೊಂಡ ತಂಡವೊಂದು ವಾಹನದಲ್ಲಿ ಸಂಚರಿಸುತ್ತ, ಅಂಗನವಾಡಿಗೆ ವರ್ಷಕ್ಕೆ ಎರಡಾವರ್ತಿ, ಶಾಲೆಗೆ ಒಂದಾವರ್ತಿ ಭೇಟಿಯಿತ್ತು ಸುಮಾರು 30 ಬಗೆಯ ಬೇನೆಗಳಿಗಾಗಿ ಮಕ್ಕಳನ್ನು ಪರೀಕ್ಷಿಸತಕ್ಕದ್ದೆಂದು ಏರ್ಪಟ್ಟಿದೆ. ಈ ತಂಡಗಳು ಹೃದಯದ ದೋಷವುಳ್ಳ ಮಕ್ಕಳನ್ನು ಗುರುತಿಸಿ ಶಸ್ತ್ರಚಿಕಿತ್ಸೆಗೆ ಕಳುಹಿಸಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬಂದ ವಾಹನವು ಸಾಯಂಕಾಲ ಹಿಂತಿರುಗಿದ ಮೇಲೆ ಏನಾಗುತ್ತದೆ? ಮಗುವಿನ ಕೈಯಲ್ಲಿ ಒಂದು ಚೀಟಿ ಉಳಿಯುತ್ತದೆ. ಆ ಚೀಟಿಯನ್ನು ತಾಯಿ ಓದಿದಳೆ, ಓದಬಲ್ಲಳೆ, ಓದಿದಮೇಲೆ ದಿನಗೂಲಿಯನ್ನು ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋದಳೆ, ಹೋದಾಗ ಅಲ್ಲಿ ಸಂಬಂಧಪಟ್ಟ ವೈದ್ಯರು ಸಿಕ್ಕಿದರೆ ಎಂಬುದನ್ನು ಮರುವಾರ ವಿಚಾರಿಸಲು ಶಾಲೆಯಲ್ಲಿ ಯಾರೂ ಇಲ್ಲ. ಪರೀಕ್ಷೆಯಾಯಿತೆಂಬುದು ಲೆಕ್ಕದಲ್ಲಿ ಸೇರಿತು. ಮಗುವಿಗೆ ಆದುದು ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಷ್ಟೇ ಪ್ರಯೋಜನ.

ಈ ಲೋಪ ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಇದನ್ನು ಒಂದು ಮಹಾನಗರವು ನೂರಿಪ್ಪತ್ತು ವರ್ಷಗಳ ಹಿಂದೆಯೇ ಅನುಭವಿಸಿ, ಕಲಿತು, ತಿದ್ದಿಕೊಂಡಿತು. ಅಮೆರಿಕಾ ದೇಶದ ನ್ಯೂಯಾರ್ಕ್ ನಗರದವರು 1897ರಲ್ಲಿ ಶಾಲಾಬಾಲಕರನ್ನು ಪರೀಕ್ಷಿಸುವುದಕ್ಕಾಗಿ 150 ಮಂದಿ ವೈದ್ಯರನ್ನು ನೇಮಿಸಿಕೊಂಡಿದ್ದರು. ಅವರ ಕೆಲಸ ಅಂಟುರೋಗವುಳ್ಳ ಮಗುವನ್ನು ಕಂಡುಹಿಡಿದು ಮನೆಗೆ ಅಟ್ಟುವುದು. ಪರೀಕ್ಷೆ ಬಿಗಿಯಾದಂತೆಲ್ಲ ಶಾಲೆಗಳು ಬರಿದಾಗತೊಡಗಿದುವು. 1902ರ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ 10,567 ಸಂದರ್ಭಗಳಲ್ಲಿ ಮಕ್ಕಳನ್ನು ಹೊರಗೆ ಕಳುಹಿಸಲಾಯಿತು. ಕಜ್ಜಿ, ಹುಳುಕಡ್ಡಿ, ತಲೆಯ ಹೇನು, ಕಣ್ಣಿನ ಟ್ರಕೋಮಾ: ಬೇನೆಗಳು ಇಂಥವು. ಮನೆಗೆ ಹೋದ ಮಗುವಿಗೆ ಔಷಧ ಹಚ್ಚುವವರಿಲ್ಲ. ಅದು ಬೀದಿಯಲ್ಲಿ ನಿಂತು, ಶಾಲೆ ಬಿಟ್ಟು ಬಂದ ಒಡನಾಡಿಗಳೊಡನೆ ಆಡಿ, ರೋಗವನ್ನು ಅವರಿಗೂ ಹಂಚುತ್ತಿತ್ತು. ಆ ನಗರದ ಬಡ ವಲಸೆಗಾರರ ಕೇರಿಯಲ್ಲಿ ಹೆನ್ರಿ ಸ್ಟ್ರೀಟ್ ಎಂಬ ಸೇವಾಕೇಂದ್ರವನ್ನು ನಡೆಸುತ್ತಿದ್ದ ಲಿಲಿಯನ್ ವಾಲ್ಡ್ ಎಂಬ ದಾದಿಯು, ತಲೆಯ ಹುಣ್ಣಿನ ದೆಸೆಯಿಂದ ಶಾಲೆಯ ಮೆಟ್ಟಿಲನ್ನೇ ಹತ್ತಲಾಗದೆ ಉಳಿದಿದ್ದ ಹುಡುಗನೊಬ್ಬನನ್ನು ಕಂಡಿದ್ದಳು. ಅವನಿಗೆ ಬೇಕಾಗಿದ್ದುದು ಒಂದಿಷ್ಟು ಮುಲಾಮು, ಹಚ್ಚುವ ಒಂದು ಕೈ.

ಆಕೆ ನಗರದ ಅಧಿಕಾರಿಗಳ ಮುಂದೆ ಇಟ್ಟ ಷರತ್ತನ್ನು ನಮ್ಮ ವಾಚಕರು ಲಕ್ಷ್ಯವಿಟ್ಟು ನೋಡಬೇಕೆಂದು ಕೋರುತ್ತೇವೆ. ತನ್ನ ಕೇಂದ್ರದ ಒಬ್ಬ ದಾದಿಯನ್ನು ಒಂದು ತಿಂಗಳ ಮಟ್ಟಿಗೆ ಕೊಡುವೆನು. ಪ್ರಯೋಗವು ಫಲಿಸಿದರೆ ಮುಂದೆ ದಾದಿಯ ಸಂಬಳ ಸಾರ್ವಜನಿಕ ಬೊಕ್ಕಸದಿಂದ ಬರುವಂತೆ ನೀವು ಯತ್ನಿಸಬೇಕು ಎಂದಳು. ಧರ್ಮಸಂಸ್ಥೆಯು ದಾರಿ ತೋರಿಸಬಹುದು, ಭಾರವನ್ನು ಹೊರತಕ್ಕದ್ದು ಸರ್ಕಾರ ಎಂಬ ವಿವೇಕ ಆ ಮಾತಿನಲ್ಲಿದೆ. 1902ರ ಅಕ್ಟೋಬರಿನಲ್ಲಿ ಲೀನಾ ರೋಜರ್ಸ್ ಎಂಬ ದಾದಿ ನಾಲ್ಕು ಶಾಲೆಗಳಲ್ಲಿ ಕೆಲಸಕ್ಕೆ ತೊಡಗಿದಳು. ಶಾಲೆಯಲ್ಲಿಯೇ ಗಾಯ ತೊಳೆದು ಕಟ್ಟಿದಳು. ಬೇನೆ ಬಲವಾಗಿದ್ದ ಮಕ್ಕಳ ಮನೆಗೆ ಹೋಗಿ ತಾಯಂದಿರಿಗೆ ಔಷಧ ಹಚ್ಚುವ ಕ್ರಮವನ್ನು ಕಲಿಸಿದಳು. ತಿಂಗಳು ತುಂಬುವುದರೊಳಗೆ ಅಧಿಕಾರಿಗಳಿಗೆ ಮನವರಿಕೆಯಾಗಿ, ವರ್ಷ ಮುಗಿಯುವ ಮುನ್ನವೇ ಇನ್ನೂ ಹಲವು ದಾದಿಯರು ನೇಮಕವಾದರು. 1903ಕ್ಕೆ ನಗರವು 30,000 ಡಾಲರುಗಳನ್ನು ಮಂಜೂರುಮಾಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಹಾಕಿದ ಸಂದರ್ಭಗಳು 1,101ಕ್ಕೆ ಇಳಿದಿದ್ದುವು. ನೂರೈವತ್ತು ವೈದ್ಯರಿಂದಾಗದ ಕಾರ್ಯವನ್ನು ದಾದಿಯರು ಸಾಧಿಸಿದರೆಂಬುದು ವೈದ್ಯರ ನಿಂದೆಯಲ್ಲ. ವೈದ್ಯನು ರೋಗವನ್ನು ಹೇಳಿ ಹೋದನು; ದಾದಿ ನಿಂತಳು.

ನಮ್ಮಲ್ಲಿ ಈ ವಿಚಾರ ಹೊಸದೆ? ಅದೂ ಅಲ್ಲ. 1909ರಷ್ಟು ಹಿಂದೆಯೇ ಬರೋಡಾ ನಗರದಲ್ಲಿ ಶಾಲಾಮಕ್ಕಳ ವೈದ್ಯಪರೀಕ್ಷೆ ನಡೆಯಿತು. 1946ರ ಭೋರ್ ಸಮಿತಿಯವರು ಶಾಲಾ ಆರೋಗ್ಯಸೇವೆಯೆಂಬುದು ಈ ದೇಶದಲ್ಲಿ ಇಲ್ಲವೆಂದೇ ಹೇಳಬೇಕೆಂದು ಬರೆದರು. ಆಗ ನಮ್ಮಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಇದ್ದಳೆಂಬುದೂ ಅವರ ವರದಿಯಿಂದಲೇ ತಿಳಿದುಬರುತ್ತದೆ. ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ 1960ರಲ್ಲಿ ಏರ್ಪಟ್ಟ ಸಮಿತಿಯು ಮರುವರ್ಷವೇ ಶಾಲಾ ಆರೋಗ್ಯದ ಬಗ್ಗೆ ವರದಿಯನ್ನೊಪ್ಪಿಸಿತು. ವರದಿಗಳಿಗೆ ನಮ್ಮ ದೇಶದಲ್ಲಿ ಎಂದೂ ಬರಗಾಲವಿಲ್ಲ. 2009ರಲ್ಲಿ ಶಿಕ್ಷಣದ ಹಕ್ಕಿನ ಕಾನೂನಾದಾಗ ಶಾಲೆಗೆ ಏನೇನಿರಬೇಕೆಂದು ಅದರ ಪರಿಶಿಷ್ಟದಲ್ಲಿ ಪಟ್ಟಿ ಮಾಡಿದರು: ಕೊಠಡಿ, ಶೌಚಾಲಯ, ಕುಡಿಯುವ ನೀರು, ಅಡಿಗೆಮನೆ, ಆಟದ ಬಯಲು, ಪುಸ್ತಕಭಂಡಾರ, ಆವರಣದ ಗೋಡೆ. ಗೋಡೆಗೆ ಕಾನೂನಿನಲ್ಲಿ ಸ್ಥಳ ದೊರೆಯಿತು, ದಾದಿಗೆ ದೊರೆಯಲಿಲ್ಲ. ಕೇಂದ್ರ ಸರ್ಕಾರದವರು ತಾವೇ ನಡೆಸುವ ನವೋದಯ ವಿದ್ಯಾಲಯಗಳಲ್ಲಿ ದಾದಿಯ ಹುದ್ದೆಯನ್ನು ಇಟ್ಟಿದ್ದಾರೆ. ಅಲ್ಲಿನ ಮಕ್ಕಳು ಶಾಲೆಯಲ್ಲಿಯೇ ವಾಸಿಸುವರೆಂಬುದು ಅದಕ್ಕೆ ಕಾರಣವಷ್ಟೆ. ಹಗಲು ಬಂದು ಸಂಜೆಗೆ ಮನೆಗೆ ಹೋಗುವ ಮಗುವಿಗೆ ಹಗಲಿನಲ್ಲಿ ಬೇನೆ ಬಾರದೆಂದು ಯಾರಾದರೂ ಬಲ್ಲರೆ?

ಒಂದು ಸ್ವಂತ ನೆನಪನ್ನು ಇಲ್ಲಿ ಹೇಳುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ನಾವು ಪಾಠಶಾಲೆಯಲ್ಲಿದ್ದಾಗ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬನು ಹಲಗೆಯ ಮೇಲಿನ ಲೆಕ್ಕವನ್ನು ಬರೆದುಕೊಳ್ಳುವಾಗ ನಿತ್ಯವೂ ತಪ್ಪುತ್ತಿದ್ದನು. ನಿತ್ಯವೂ ಏಟು ತಿನ್ನುತ್ತಿದ್ದನು. ಅವನು ಮಂದಮತಿಯೆಂದು ಗುರುಗಳೂ ನಂಬಿದ್ದರು, ತಂದೆಯೂ ನಂಬಿದ್ದನು, ಕಡೆಗೆ ಅವನೂ ನಂಬಿ ಶಾಲೆ ಬಿಟ್ಟನು. ಇಪ್ಪತ್ತು ವರ್ಷಗಳಾದ ಮೇಲೆ ಪೇಟೆಯಲ್ಲಿ ದಪ್ಪ ಕನ್ನಡಕ ಧರಿಸಿದ್ದ ಅವನನ್ನು ಕಂಡೆವು. ದೂರದ ಅಕ್ಷರ ತನಗೆ ಎಂದೂ ಕಂಡಿರಲಿಲ್ಲವೆಂದು ನಗುತ್ತ ಹೇಳಿದನು. ನಮಗೆ ನಗಲಾಗಲಿಲ್ಲ. ಗೋಡೆಗೆ ತೂಗುಹಾಕುವ ಅಕ್ಷರಪಟವೊಂದು, ಅದರ ಮುಂದೆ ಮಗುವನ್ನು ಇಪ್ಪತ್ತಡಿ ದೂರದಲ್ಲಿ ನಿಲ್ಲಿಸುವ ಒಬ್ಬರು, ಇಷ್ಟೇ ಅಂದು ಬೇಕಾಗಿದ್ದುದು.

ಈಗಿನ ಶಾಲೆಗಳಲ್ಲಿ ದಾದಿಯು ಮಾಡತಕ್ಕ ಕೆಲಸ ಅಷ್ಟರಿಂದ ಮುಗಿಯದು. ರಕ್ತಹೀನತೆಯನ್ನೇ ನೋಡಿರಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೂ, ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆಯಿದೆ. ಇದಕ್ಕಾಗಿ ವಾರಕ್ಕೊಂದರಂತೆ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಪ್ರೌಢಶಾಲೆಗಳಲ್ಲಿ ಹಂಚುವ ಏರ್ಪಾಡು ಹತ್ತು ವರ್ಷಗಳಿಗೂ ಮೇಲ್ಪಟ್ಟು ಜಾರಿಯಲ್ಲಿದೆ. ಗುಳಿಗೆ ಒಳ್ಳೆಯದೇ. ಆದರೆ ಬರಿಯ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲವು ಕಪ್ಪಾಗುತ್ತದೆ. ಇದನ್ನು ಮುಂಚಿತವಾಗಿ ಹೇಳದಿದ್ದರೆ ಮಕ್ಕಳು ಹೆದರಿ ಗುಳಿಗೆಯನ್ನು ಕಿಟಕಿಯಿಂದಾಚೆಗೆ ಎಸೆಯುತ್ತಾರೆ. ಒಂದು ಮಗು ವಾಂತಿಮಾಡಿಕೊಂಡಿತೆಂದರೆ ಊರೆಲ್ಲ ಗುಲ್ಲೆದ್ದು, ಉಪಾಧ್ಯಾಯರು ಮುಂದಿನ ವಾರದಿಂದ ಹಂಚುವುದಕ್ಕೇ ಅಂಜುತ್ತಾರೆ. ಅವರನ್ನು ನಾವು ದೂಷಿಸಲಾರೆವು. ಯಾವ ಮಗುವಿಗೆ ವಾರದ ಗುಳಿಗೆ ಸಾಕು, ಯಾವ ಮಗುವಿನ ರಕ್ತ ತೀರ ಇಳಿದಿದ್ದು ಆಸ್ಪತ್ರೆಗೇ ಕಳುಹಿಸಬೇಕು, ಯಾರಿಗೆ ಜಂತುಹುಳುವಿನ ಔಷಧ ಮೊದಲು ಬೇಕು ಎಂಬ ವಿವೇಚನೆಗೆ ತರಬೇತಿಯಾದ ಕಣ್ಣೂ ಬೇಕು, ರಕ್ತ ಪರೀಕ್ಷಿಸುವ ಚಿಕ್ಕ ಯಂತ್ರವೂ ಬೇಕು.

ಪ್ರಾಯಕ್ಕೆ ಬರುತ್ತಿರುವ ಹುಡುಗಿಯು ತನ್ನ ಋತುಧರ್ಮದ ಕಷ್ಟವನ್ನು ಪುರುಷ ಉಪಾಧ್ಯಾಯರೊಡನೆ ಹೇಳಿಕೊಳ್ಳುವಳೆಂದು ನಿರೀಕ್ಷಿಸುವುದು ಸಂಸಾರಸ್ಥರಾದವರಿಗೆ ತಕ್ಕ ಮಾತಲ್ಲ; ಅವಳು ಹೇಳಿಕೊಳ್ಳುವುದಿಲ್ಲ, ಶಾಲೆಗೆ ಬರುವುದನ್ನೇ ನಿಲ್ಲಿಸುತ್ತಾಳೆ. ಅಪಸ್ಮಾರದ ಮಗುವಿಗೆ ಸೆಳೆತ ಬಂದಾಗ ಇಂದಿಗೂ ಕೈಯಲ್ಲಿ ಕಬ್ಬಿಣದ ಬೀಗದಕೈ ಇಡುವ ಪದ್ಧತಿ ನಿಂತಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು ಎಂಬಷ್ಟನ್ನು ತಿಳಿದವರೊಬ್ಬರು ಹತ್ತಿರದಲ್ಲಿದ್ದರೆ ಸಾಕು. ಸಿಹಿಮೂತ್ರದ ಬೇನೆಯಿದ್ದು ಮಧ್ಯಾಹ್ನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಮಗುವನ್ನು ಯಾವ ಧೈರ್ಯದಿಂದ ತಾಯಿ ಶಾಲೆಗೆ ಕಳುಹಿಸಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಾಯಕಿಯೇ ಈ ಕಾರ್ಯವನ್ನೂ ಮಾಡಬಹುದಲ್ಲ ಎಂದು ಹಣಕಾಸಿನ ಅಧಿಕಾರಿಗಳು ಹೇಳುವುದುಂಟು. ಬಯಲುಸೀಮೆಯಲ್ಲಿ 5,000, ಮಲೆನಾಡಿನಲ್ಲಿ 3,000 ಜನಕ್ಕೆ ಒಂದರಂತೆ ಇರುವ ಉಪಕೇಂದ್ರದಲ್ಲಿ ಬಸುರಿ, ಬಾಣಂತಿ, ಹಸುಳೆಯ ಚುಚ್ಚುಮದ್ದು, ಕ್ಷಯರೋಗಿಯ ಔಷಧ, ಇವುಗಳ ದಾಖಲೆಗಳನ್ನು ತುಂಬುವುದರಲ್ಲಿಯೇ ಆಕೆಯ ಹಗಲು ಕಳೆಯುತ್ತದೆ. ಒಂದೇ ಎತ್ತಿಗೆ ಎರಡು ನೇಗಿಲು ಹೂಡಿದರೆ ಎರಡು ಹೊಲವೂ ಬೀಳು.

ಮೂಗಿಗಿಂತ ಮೂಗುತಿ ಭಾರವಾದೀತು, ಇಷ್ಟು ಹಣವೆಲ್ಲಿ ಎಂಬ ಆಕ್ಷೇಪಣೆಗೆ ನಮ್ಮ ನಗರವಾಸಿ ವಾಚಕರು ತಮ್ಮ ರಸೀತಿಗಳನ್ನೇ ತೆಗೆದು ನೋಡಲಿ. ಮನೆಯ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಉಪಕರವನ್ನು ಅವರಿಂದ ವಸೂಲು ಮಾಡಲಾಗಿದೆ. ವರಮಾನದ ತೆರಿಗೆ ಕೊಡುವವರು 2018ರಿಂದ ಅದರ ಮೇಲೆ ನೂರಕ್ಕೆ 4ರಂತೆ ಇನ್ನೊಂದು ಉಪಕರವನ್ನು ಕೊಡುತ್ತ ಬಂದಿದ್ದಾರೆ; ಅದರ ಹೆಸರೇ ಆರೋಗ್ಯ ಮತ್ತು ಶಿಕ್ಷಣ ಉಪಕರ. ಆರೋಗ್ಯವೂ ಶಿಕ್ಷಣವೂ ಒಂದೇ ಕೊಠಡಿಯಲ್ಲಿ ಕೂಡುವ ಸ್ಥಳ ಶಾಲೆಯ ದಾದಿಯ ಮೇಜಲ್ಲದೆ ಮತ್ತೆ ಯಾವುದು? ಈ ಎರಡನೆಯ ಉಪಕರವು ರಾಜ್ಯಗಳಿಗೆ ಹಂಚುವ ತೆರಿಗೆಯ ಪಾಲಿನಲ್ಲಿ ಸೇರುವುದಿಲ್ಲವೆಂಬುದನ್ನು ಬಲ್ಲೆವು. ಆದುದರಿಂದಲೇ ಇಂಥ ವೆಚ್ಚದಲ್ಲಿ ಕೇಂದ್ರದವರೂ ಪಾಲುಗೊಳ್ಳಬೇಕೆಂದು ನಮ್ಮ ಸಂಸತ್ಸದಸ್ಯರು ಪಕ್ಷಭೇದವಿಲ್ಲದೆ ಕೇಳುವುದು ಉಚಿತ.

ಹಳ್ಳಿಹಳ್ಳಿಗೂ, ಹತ್ತು ಮಕ್ಕಳ ಶಾಲೆಗೂ ಒಬ್ಬೊಬ್ಬ ದಾದಿಯನ್ನು ಕೇಳುವ ಅವಿವೇಕ ನಮಗಿಲ್ಲ. ವಿದ್ಯಾ ಇಲಾಖೆಯವರು ಶಾಲೆಗಳನ್ನು ಈಗಾಗಲೇ ಕ್ಲಸ್ಟರುಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ಕ್ಲಸ್ಟರಿಗೆ ಒಬ್ಬ ದಾದಿಯಿರಲಿ. ದೊಡ್ಡ ಶಾಲೆಯಲ್ಲಿ ಅವಳ ಕೊಠಡಿಯಿರಲಿ. ಉಳಿದ ಶಾಲೆಗಳಿಗೆ ಗೊತ್ತಾದ ದಿನ ಹೋಗಿಬರಲಿ. ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವಳೇ ಆಗಬೇಕು. ಮೂರು ದಿನದ ತರಬೇತಿಯ ಕಾಗದ ಹಿಡಿದವರು ಈ ಕೆಲಸಕ್ಕೆ ಬೇಡ. ಹನ್ನೊಂದು ತಿಂಗಳ ಗುತ್ತಿಗೆಯೂ ಬೇಡ: ಒಂದನೆಯ ತರಗತಿಯಲ್ಲಿ ಕಂಡ ಮಗುವನ್ನು ಏಳನೆಯ ತರಗತಿಯವರೆಗೆ ನೋಡಿದವಳಿಗೇ ಅದು ಸೊರಗುತ್ತಿದೆಯೆಂಬುದು ಗೊತ್ತಾಗುವುದು. ಆಕೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಉತ್ತರವಾದಿಯಾಗಿರತಕ್ಕದ್ದು, ಮುಖ್ಯೋಪಾಧ್ಯಾಯರಿಗಲ್ಲ. ಮುಖ್ಯೋಪಾಧ್ಯಾಯರ ಮೇಲೆ ನಮಗೆ ಅಗೌರವವಿಲ್ಲ. ಆದರೆ ಅವರ ಕೈಗೆ ಒಬ್ಬ ಗುಮಾಸ್ತೆ ಸಿಕ್ಕಿದಳೆಂದಾದರೆ ಆರು ತಿಂಗಳೊಳಗೆ ಆಕೆ ಅಕ್ಕಿಯ ಲೆಕ್ಕ ಬರೆಯುತ್ತ ಕುಳಿತಿರುವುದನ್ನು ನಾವೇ ಹೋಗಿ ನೋಡಬೇಕಾದೀತು.

ಜನ ಸಿಕ್ಕುವರೆ ಎಂಬ ಸಂಶಯಕ್ಕೆ ಎಡೆಯಿಲ್ಲ. ಬೆಂಗಳೂರಿನಿಂದ ಕಲಬುರಗಿಯವರೆಗೆ ನರ್ಸಿಂಗ್ ಕಾಲೇಜುಗಳು ನಮ್ಮಲ್ಲಿ ಹೇರಳವಾಗಿವೆ. ಅಲ್ಲಿ ಕಲಿತ ನಮ್ಮ ಹೆಣ್ಣುಮಕ್ಕಳು ಕೊಲ್ಲಿಯ ದೇಶಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹೊರನಾಡಿನ ರೋಗಿಗಳನ್ನು ಆರೈಕೆಮಾಡುತ್ತಿದ್ದಾರೆ. ಇಲ್ಲಿ ಉಳಿದವರು ಖಾಸಗಿ ಆಸ್ಪತ್ರೆಗಳಲ್ಲಿ ಅಲ್ಪ ಸಂಬಳಕ್ಕೆ ರಾತ್ರಿಯ ಪಾಳಿ ಮಾಡುತ್ತಿದ್ದಾರೆ. ಖಾಯಂ ಹುದ್ದೆ, ಹಗಲಿನ ಕೆಲಸ, ತನ್ನ ತಾಲ್ಲೂಕಿನಲ್ಲಿಯೇ ವಾಸ ಎಂದರೆ ಅರ್ಜಿಗಳಿಗೆ ಕೊರತೆಯಾಗದು.

ಒಮ್ಮೆಗೇ ರಾಜ್ಯವನ್ನೆಲ್ಲ ವ್ಯಾಪಿಸುವುದಕ್ಕೆ ಬೊಕ್ಕಸ ಒಪ್ಪದಿದ್ದರೆ, 2018ರಿಂದೀಚೆಗೆ ಏರ್ಪಟ್ಟಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮೊದಲುಮಾಡಲಿ. ಒಂದೇ ಆವರಣದಲ್ಲಿ ಶಿಶುವರ್ಗದಿಂದ ಹನ್ನೆರಡನೆಯ ತರಗತಿಯವರೆಗೆ ಮಕ್ಕಳು ಕೂಡುವ ಸ್ಥಳಗಳು ಅವು. ಮುಂದಿನ ಆಯವ್ಯಯ ಪಟ್ಟಿಯಲ್ಲಿ ಇದಕ್ಕೆಂದೇ ಒಂದು ಬಾಬು ಇರಲಿ. ವರ್ಷದ ಕೊನೆಯಲ್ಲಿ ದಾದಿಯಿದ್ದ ಶಾಲೆಯ ಹಾಜರಿ ಪುಸ್ತಕವನ್ನೂ ಇಲ್ಲದ ಶಾಲೆಯದನ್ನೂ ಪಕ್ಕಪಕ್ಕದಲ್ಲಿಟ್ಟು, ಕನ್ನಡಕ ಪಡೆದವರೆಷ್ಟು, ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಮುಗಿಸಿ ಬಂದವರೆಷ್ಟು, ಚೀಟಿಯೊಂದಿಗೆ ಮನೆಯಲ್ಲೇ ಉಳಿದವರೆಷ್ಟು ಎಂಬುದನ್ನು ಸರ್ಕಾರದವರು ತಾಲ್ಲೂಕುವಾರಾಗಿ ಪ್ರಕಟಿಸಲಿ. ಆ ಅಂಕಿಗಳು ನಮ್ಮ ವಾದಕ್ಕೆ ವಿರುದ್ಧವಾಗಿದ್ದರೂ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.