ಶುಭಾಶಯ ಪತ್ರಕ್ಕೆ ಎಂಥ ಹಾಳಿ?

ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಧಾರವಾಡದ ಒಂದು ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಕುಳಿತಿದ್ದಳು. ಎದುರಿಗೆ ಮೂರು ಶುಭಾಶಯ ಪತ್ರಗಳು. ಮೂರೂ ಕೆಟ್ಟಿದ್ದವು. ಮೊದಲನೆಯದರಲ್ಲಿ ಅವಳೇ ಬಿಡಿಸಿದ್ದ ಕಬ್ಬು, ಗಾಳಿಪಟ, ಕುಸುರೆಳ್ಳಿನ ಬಟ್ಟಲು ಚೆನ್ನಾಗಿಯೇ ಅಚ್ಚಾಗಿದ್ದವು. ಆದರೆ ಬೆರಳು ತಾಗಿದೊಡನೆ ಬಣ್ಣವೆಲ್ಲ ಕಲಸಿಹೋಯಿತು. ಎರಡನೆಯ ಹಾಳಿ ಪ್ರಿಂಟರಿನ ಒಳಗೇ ಸಿಕ್ಕಿಕೊಂಡು ಮುದುಡಿ ಹೊರಬಂತು. ಮೂರನೆಯದು ಸರಿಯಾಗಿ ಅಚ್ಚಾಯಿತು, ಬಣ್ಣವೂ ಒಣಗಿತು. ಆದರೆ ನಡುವೆ ಮಡಿಸಿದಾಗ ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟು, ಗಾಳಿಪಟದ ಮೇಲೆ ಬಿಳಿ ಗೆರೆಯೊಂದು ಎದ್ದು ನಿಂತಿತು.

"ಅಂಗಡ್ಯಾಗ ತಯಾರ ಸಿಗತಾವಲ್ಲವಾ, ಒಂದು ತಂದು ಕೊಟ್ಟರ ಮುಗೀತು" ಎಂದರು ಅಪ್ಪ. ಅವಳಿಗೆ ಅದು ಬೇಡ. ಶಾಲೆಯ ಖೋಖೋ ಪಂದ್ಯದ ದಿನ ಒಂದು ಮಾತಿಗೆ ಮಾತು ಬೆಳೆದು, ಎರಡು ತಿಂಗಳಿಂದ ಜೀವದ ಗೆಳತಿ ಮಾತು ಬಿಟ್ಟಿದ್ದಳು. ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ಹಬ್ಬದಂದು ತಾನೇ ಹೋಗಿ ಮಾತಾಡಿಸಬೇಕು, ಕೈಯಲ್ಲಿ ತಾನೇ ಮಾಡಿದ ಕಾರ್ಡು ಇರಬೇಕು ಎಂಬುದು ಅವಳ ಹಟ. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಸಂಕ್ರಾಂತಿ ಕಾರ್ಡುಗಳನ್ನು ನೋಡಿ ಹುಟ್ಟಿದ ಆಸೆ ಅದು. ಉತ್ತರ ಕರ್ನಾಟಕದ ಊರುಗಳಲ್ಲಿ 1980 ಮತ್ತು 90ರ ದಶಕಗಳಲ್ಲಿ ಸಂಕ್ರಾಂತಿ ಬಂತೆಂದರೆ ಶುಭಾಶಯ ಪತ್ರಗಳ ಸುಗ್ಗಿಯೇ ನಡೆಯುತ್ತಿತ್ತಲ್ಲವೆ?

ಶುಭಾಶಯ ಪತ್ರದ ವ್ಯಾಪಾರಕ್ಕೆ ಮೊದಲು ದಾರಿಯಾದದ್ದು ಲಂಡನ್ನಿನಲ್ಲಿ. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾಯಿತು. ಮೂರು ವರ್ಷಗಳ ಬಳಿಕ, 1843ರಲ್ಲಿ, ಹೆನ್ರಿ ಕೋಲ್ ಎಂಬಾತ ಎಲ್ಲರಿಗೂ ಕೈಯಾರೆ ಪತ್ರ ಬರೆಯುವ ಶ್ರಮ ತಪ್ಪಿಸಿಕೊಳ್ಳಲು ಜಾನ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದ. ಉಳಿದವನ್ನು ಒಂದೊಂದು ಶಿಲ್ಲಿಂಗಿಗೆ ಮಾರಾಟಕ್ಕಿಟ್ಟರು. ಇಂದು ಮನೆಯ ಮೇಜಿನ ಮೇಲೆಯೇ ಅಚ್ಚಿನ ಯಂತ್ರ ಕುಳಿತಿದೆ. ಆದರೆ ಹಾಳಿಯ ಸ್ವಭಾವ ತಿಳಿಯದಿದ್ದರೆ ಯಂತ್ರವಿದ್ದೂ ಪ್ರಯೋಜನವಿಲ್ಲ.

ಹುಡುಗಿ ಮೂರೂ ಕಾರ್ಡುಗಳನ್ನು ಹಿಡಿದುಕೊಂಡು ಹಾಳಿ ಕೊಟ್ಟ ಅಂಗಡಿಗೇ ಹೋದಳು. ಅಂಗಡಿಯ ಕಾಕಾ ಮೊದಲು ಮೂವತ್ತು ವರ್ಷ ಮುದ್ರಣಾಲಯದಲ್ಲಿ ದುಡಿದವರು.

"ಕಾಕಾ, ದಪ್ಪನ ಹಾಳಿ ಕೊಡ್ರಿ ಅಂತ ಕೇಳಿದ್ದೆ. ನೋಡ್ರಿ, ಮೂರೂ ಕೆಟ್ಟುವು."

"ಎಷ್ಟು ದಪ್ಪ, ಯಾವ ಪ್ರಿಂಟರಿಗೆ ಅಂತ ನೀ ಹೇಳಲಿಲ್ಲ, ನಾ ಕೇಳಲಿಲ್ಲ. ತಪ್ಪು ಇಬ್ಬರದೂ ಐತಿ ತಂಗಿ. ಕೂಡು, ಒಂದೊಂದಾಗಿ ನೋಡೂಣು" ಎಂದರು ಅವರು.

ತೂಕವೇ ಗುರುತು

ಹಾಳಿಯನ್ನು ದಪ್ಪ, ತೆಳು ಎಂದು ಕೈಯಲ್ಲಿ ಮುಟ್ಟಿ ಹೇಳುವುದು ವಾಡಿಕೆ. ಕಾಗದದ ವ್ಯಾಪಾರದಲ್ಲಿ ಮಾತ್ರ ತೂಕದ ಲೆಕ್ಕ. ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ 'ಜಿಎಸ್ಎಂ'. ಜೆರಾಕ್ಸ್ ಅಂಗಡಿಯ ಹಾಳಿ ಸಾಮಾನ್ಯವಾಗಿ 70 ಇಲ್ಲವೆ 80 ಜಿಎಸ್ಎಂ. ಗಟ್ಟಿಯಾದ ಲಗ್ನಪತ್ರಿಕೆ 250ರಿಂದ 300 ಇರಬಹುದು.

ಬಿಡಿ ಹಾಳಿ ಕೊಂಡಾಗ ಅದರ ಮೇಲೆ ಅಂಕಿ ಬರೆದಿರುವುದಿಲ್ಲ. ಆಗೇನು ಮಾಡುವುದು? ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಎ-ಸೊನ್ನೆ ಎಂಬ ಅಳತೆಯ ಹಾಳಿಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ಅರ್ಧ ಮಾಡಿದರೆ ಎ-1, ಮತ್ತೆ ಅರ್ಧ ಮಾಡಿದರೆ ಎ-2. ಹೀಗೆ ನಾಲ್ಕು ಸಲ ಅರ್ಧ ಮಾಡಿದಾಗ ಸಿಗುವುದೇ ನಮಗೆಲ್ಲ ಗೊತ್ತಿರುವ ಎ-4; ಅಳತೆ 210 ಮತ್ತು 297 ಮಿಲಿಮೀಟರ್. ಉದ್ದವನ್ನು ಅಗಲದಿಂದ ಭಾಗಿಸಿ ನೋಡಿ, ಎರಡರ ವರ್ಗಮೂಲ ಬರುತ್ತದೆ. ಆದ್ದರಿಂದಲೇ ಎಷ್ಟು ಸಲ ಅರ್ಧ ಮಾಡಿದರೂ ಹಾಳಿಯ ಆಕಾರ ಕೆಡುವುದಿಲ್ಲ. ಜರ್ಮನಿಯಲ್ಲಿ 1922ರಲ್ಲಿ ಈ ಅಳತೆಗಳು ಪ್ರಮಾಣವಾದವು.

ಅಂದರೆ 16 ಎ-4 ಹಾಳಿ ಸೇರಿ ಒಂದು ಚದರ ಮೀಟರ್. ನಾಲ್ಕು ಹಾಳಿ ತೂಗಿ, ಬಂದ ಗ್ರಾಮನ್ನು ನಾಲ್ಕರಿಂದ ಗುಣಿಸಿದರೆ ಜಿಎಸ್ಎಂ ಸಿಕ್ಕಿತು! ಕಾಕಾ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ತೋರಿಸಿದರು. ಯಂತ್ರದಲ್ಲಿ ಸಿಕ್ಕಿಕೊಂಡ ಜಾತಿಯ ನಾಲ್ಕು ಹಾಳಿ 75 ಗ್ರಾಂ ತೂಗಿದವು. ಎಂದರೆ 300 ಜಿಎಸ್ಎಂ. ಮೂರನೆಯ ಜಾತಿಯವು 45 ಗ್ರಾಂ, ಎಂದರೆ 180.

300ರ ಹಾಳಿ ಏಕೆ ಸಿಕ್ಕಿಕೊಂಡಿತು? ಅವಳ ಮನೆಯ ಪ್ರಿಂಟರು ಹಾಳಿಯನ್ನು ಕೆಳಗಿನ ತಟ್ಟೆಯಿಂದ ಎಳೆದುಕೊಂಡು, ಉರುಳೆಯ ಸುತ್ತ ಬಗ್ಗಿಸಿ, ಮತ್ತೆ ಮುಂದಕ್ಕೆ ಕಳಿಸುತ್ತದೆ. ಒಂದೇ ಬಗೆಯ ಹಾಳಿಯ ದಪ್ಪ ಎರಡು ಪಟ್ಟಾದರೆ ಬಾಗದಿರುವ ಬಿಗಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ದಪ್ಪ ಮೂರು ಪಟ್ಟಾದರೆ ಬಿಗಿ 27 ಪಟ್ಟು. ಇಷ್ಟು ಬಿಗಿಯ ಹಾಳಿ ಉರುಳೆ ಹೇಳಿದಂತೆ ಬಾಗೀತೆ? ಎಷ್ಟು ಜಿಎಸ್ಎಂ ತನಕ ಹಾಕಬಹುದೆಂದು ಪ್ರಿಂಟರಿನ ಜತೆ ಬರುವ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಮೊದಲು ಅದನ್ನು ಓದಬೇಕು. ಹಿಂಬದಿಯಿಂದ ನೇರವಾಗಿ ಹಾಳಿ ಹಾಕುವ ಸೌಲಭ್ಯವಿದ್ದರೆ ದಪ್ಪ ಹಾಳಿಗೆ ಅದೇ ಒಳ್ಳೆಯ ದಾರಿ. ಯಂತ್ರದ ಮಿತಿ ಕಡಿಮೆ ಇದ್ದರೂ ನಿರಾಶರಾಗಬೇಕಿಲ್ಲ. ತೆಳು ಹಾಳಿಯ ಮೇಲೆ ಅಚ್ಚು ಮಾಡಿ, ದಪ್ಪ ಹಾಳಿಗೆ ಅಂಟಿಸಿದರಾಯಿತು.

ಮಸಿಗೂ ಹಾಳಿಗೂ ನಂಟು

ಬಣ್ಣ ಕಲಸಿದ ಮೊದಲ ಕಾರ್ಡಿನ ಕತೆ ಬೇರೆ. ಅದು ಮಿರಿಮಿರಿ ಮಿಂಚುವ ಆರ್ಟ್ ಕಾರ್ಡು. ಹಾಳಿಯ ಮೇಲೆ ಬಿಳಿ ಜೇಡಿಯನ್ನೋ ಸುಣ್ಣದ ಕಾರ್ಬೊನೇಟನ್ನೋ ಲೇಪಿಸಿ, ಉಜ್ಜಿ ನುಣುಪು ಮಾಡಿದಾಗ ಈ ಮಿಂಚು ಬರುತ್ತದೆ. ದೊಡ್ಡ ಮುದ್ರಣಾಲಯದ ಆಫ್‌ಸೆಟ್ ಯಂತ್ರದ ಅಂಟಂಟಾದ ಎಣ್ಣೆಮಸಿಗೆ ಅದು ಹೇಳಿ ಮಾಡಿಸಿದ್ದು. ಮನೆಯ ಇಂಕ್‌ಜೆಟ್ ಪ್ರಿಂಟರಿನ ಮಸಿಯಲ್ಲಿ ಬಹುಪಾಲು ನೀರೇ. ಅದರ ಹನಿಗಳು ಎಷ್ಟು ಸಣ್ಣವೆಂದರೆ ಅಳೆಯುವುದು ಪಿಕೊಲೀಟರಿನಲ್ಲಿ. ಎಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ. ಈ ಹನಿ ಹಾಳಿಯ ನಾರುಗಳ ಸಂದಿಗೆ ಇಳಿದರೆ ಮಾತ್ರ ನಿಲ್ಲುತ್ತದೆ. ನುಣುಪಾದ ಲೇಪ ಅದನ್ನು ಒಳಗೆ ಬಿಡಲಿಲ್ಲ. ಬಣ್ಣ ಮೇಲೆಯೇ ಉಳಿಯಿತು, ಬೆರಳಿಗೆ ಬಂತು.

ಹಾಗೆಂದು ಹೆಚ್ಚು ಹೀರುವ ಹಾಳಿ ಒಳ್ಳೆಯದೆ? ಅದೂ ಅಲ್ಲ. ಒತ್ತುಕಾಗದದ ಮೇಲೆ ಮಸಿಯ ಚುಕ್ಕೆ ಇಟ್ಟು ನೋಡಿ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಸಿ ನಾರಿನಿಂದ ನಾರಿಗೆ ಹರಿದು, ಗೆರೆಗೆ ಗಡ್ಡಮೀಸೆ ಹುಟ್ಟಿಸುತ್ತದೆ. ಬರೆಯುವ ಹಾಳಿಗೆ ಕಾರ್ಖಾನೆಯಲ್ಲಿ ಗಂಜಿಯಂಥ ಪದಾರ್ಥ ಸೇರಿಸುವುದು ಈ ಹರಿದಾಟವನ್ನು ಹಿಡಿತದಲ್ಲಿಡಲಿಕ್ಕೆ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ತುಂಡು ಹಾಳಿಯ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಹತ್ತು ಎಣಿಸಿ, ಬೆರಳಿನಿಂದ ಒರೆಸಿ. ಕಲಸಿದರೆ ಆ ಹಾಳಿ ಇಂಕ್‌ಜೆಟ್ಟಿಗೆ ಬೇಡ. ಗಡ್ಡ ಬಿಟ್ಟರೂ ಬೇಡ. ಮಿಂಚು ಬೇಕೇ ಬೇಕೆಂದರೆ 'ಇಂಕ್‌ಜೆಟ್' ಎಂದೇ ಬರೆದಿರುವ ಫೋಟೊ ಹಾಳಿ ಕೊಳ್ಳಬೇಕು. ಮಸಿಯನ್ನು ಹಿಡಿದುಕೊಳ್ಳುವ ಬೇರೆ ಲೇಪ ಅದಕ್ಕಿರುತ್ತದೆ.

ಲೇಸರ್ ಪ್ರಿಂಟರಿನಲ್ಲಿ ದ್ರವವೇ ಇಲ್ಲ. ಅಲ್ಲಿರುವುದು ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ನಯವಾದ ಪುಡಿ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವಂತೆ, ಸ್ಥಿರ ವಿದ್ಯುತ್ತು ಈ ಪುಡಿಯನ್ನು ಹಾಳಿಯ ಮೇಲೆ ಕೂರಿಸುತ್ತದೆ. ಬಿಸಿ ಉರುಳೆ ಅದನ್ನು ಕರಗಿಸಿ ಅಂಟಿಸುತ್ತದೆ. ದಪ್ಪ ಹಾಳಿ ಹೆಚ್ಚು ಶಾಖ ಬೇಡುವುದರಿಂದ ಪ್ರಿಂಟರಿಗೆ 'ದಪ್ಪ ಹಾಳಿ' ಎಂದು ಮೊದಲೇ ಸೂಚನೆ ಕೊಡಬೇಕು. ಇಲ್ಲವಾದರೆ ಬಣ್ಣ ಮಡಿಕೆಯಲ್ಲಿ ಹಕ್ಕಳೆಯಾಗಿ ಏಳುತ್ತದೆ. ಇಂಕ್‌ಜೆಟ್ ಫೋಟೊ ಹಾಳಿಯನ್ನು ಮಾತ್ರ ಲೇಸರ್ ಯಂತ್ರಕ್ಕೆ ಎಂದೂ ಹಾಕಬಾರದು. ಅದರ ಲೇಪ ಕರಗಿ ಉರುಳೆಗೆ ಮೆತ್ತಿಕೊಂಡರೆ ಯಂತ್ರವೇ ಹಾಳು.

ಎಳೆಯ ದಿಕ್ಕು

ಮೂರನೆಯ ಕಾರ್ಡಿನಲ್ಲಿ ತೂಕ ಸರಿ, ಮಸಿಯೂ ಸರಿ. ಮಡಿಕೆ ಏಕೆ ಬಿರಿಯಿತು? ಕಾಕಾ ಆ ಜಾತಿಯ ಹಾಳಿಯೊಂದನ್ನು ಎರಡೂ ಅಂಗೈ ನಡುವೆ ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿದರು. "ನೀನೂ ನೋಡು, ಒಂದು ಕಡೆ ಸಸಾರ ಬಾಗತೈತಿ, ಇನ್ನೊಂದು ಕಡೆ ಬಿಗಿ ಹಿಡೀತೈತಿ. ಕಾಗದಕ್ಕೂ ಎಳಿ ಇರತಾವು ತಂಗಿ, ಬಿದಿರಿಗೆ ಇದ್ದಂಗ."

ಕಾರ್ಖಾನೆಯಲ್ಲಿ ನಾರು ಬೆರೆತ ನೀರು ಓಡುವ ಜಾಲರಿಯ ಮೇಲೆ ಹರಿಯುತ್ತದೆ. ಒಂದರಿಂದ ಮೂರು ಮಿಲಿಮೀಟರ್ ಉದ್ದದ ಆ ನಾರುಗಳಲ್ಲಿ ಹೆಚ್ಚಿನವು, ಹೊಳೆಯಲ್ಲಿ ತೇಲುವ ಕಡ್ಡಿಗಳಂತೆ, ಓಟದ ದಿಕ್ಕಿಗೇ ಮಲಗುತ್ತವೆ. ಅದೇ ಎಳೆಯ ದಿಕ್ಕು. ಎಳೆಯ ಗುಂಟ ಮಡಿಸಿದರೆ ನಾರುಗಳು ಅಕ್ಕಪಕ್ಕ ಸರಿದು ಮಡಿಕೆ ನಯವಾಗಿ ಬರುತ್ತದೆ. ಎಳೆಗೆ ಅಡ್ಡಲಾಗಿ ಮಡಿಸಿದರೆ ನಾರುಗಳೇ ಮುರಿಯುತ್ತವೆ. ಬಿದಿರನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡ ಮುರಿದರೆ ಸಿಬಿರು ಏಳುತ್ತದೆ. ಇದೂ ಹಾಗೆಯೇ.

ಎಳೆ ಗುರುತಿಸಲು ಇನ್ನೊಂದು ಉಪಾಯವಿದೆ. ಹಾಳಿಯ ಚೌಕ ತುಂಡೊಂದರ ಒಂದೇ ಬದಿಗೆ ನೀರು ಸವರಿ. ನೀರು ಕುಡಿದ ನಾರು ಉದ್ದದಲ್ಲಿ ಬೆಳೆಯುವುದು ತೀರ ಕಡಿಮೆ, ದಪ್ಪದಲ್ಲಿ ಉಬ್ಬುವುದೇ ಹೆಚ್ಚು. ಹೀಗಾಗಿ ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆಯ ಉದ್ದವೇ ಎಳೆಯ ದಿಕ್ಕು.

ಎ-4 ಹಾಳಿಯನ್ನು ಅರ್ಧಕ್ಕೆ ಮಡಿಸಿದಾಗ ಮಡಿಕೆ ಬರುವುದು ಅದರ ಗಿಡ್ಡ ಅಂಚಿಗೆ ಸಮಾಂತರವಾಗಿ. ಎಳೆ ಉದ್ದ ಅಂಚಿನ ಗುಂಟ ಇದ್ದರೆ ಬಿರುಕು ಬಂದಂತೆಯೇ. ಹುಡುಗಿಯ ಹಾಳಿಯನ್ನು 22 ಮತ್ತು 28 ಅಂಗುಲದ ಐವರಿ ಶೀಟಿನಿಂದ ಕತ್ತರಿಸಿದ್ದು. ಅದರ ಎಳೆ 28 ಅಂಗುಲದ ಅಂಚಿನ ಗುಂಟ ಇತ್ತು. ಎ-4ರ ಉದ್ದವನ್ನೂ ಅದೇ ದಿಕ್ಕಿಗಿಟ್ಟು ಕತ್ತರಿಸಿದರೆ ನಾಲ್ಕು ಹಾಳಿ ಸಿಗುತ್ತವೆ. ಅಡ್ಡಕ್ಕಿಟ್ಟು ಕತ್ತರಿಸಿದರೆ ಮೂರೇ. ಒಂದು ಹಾಳಿ ಉಳಿಸಲು ಹೋಗಿ ಮಡಿಕೆ ಕೆಟ್ಟಿತ್ತು. ಇದು ಹೇಗೆಂದು ವಿದ್ಯಾರ್ಥಿಗಳು ಚಿತ್ರ ಬರೆದು ಲೆಕ್ಕ ಹಾಕಿ ನೋಡಲಿ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್.

ಎಳೆ ಸರಿಯಿದ್ದರೂ ದಪ್ಪ ಹಾಳಿಯನ್ನು ಮಡಿಸುವ ಮೊದಲು ಗೀರಿಕೊಳ್ಳಬೇಕು. ಸ್ಕೇಲು ಇಟ್ಟು, ಮಸಿ ತೀರಿದ ಬಾಲ್‌ಪೆನ್ನಿನಿಂದ ಹರಿಯದಂತೆ ಒತ್ತಿ ಗೆರೆ ಎಳೆದರೆ ಸಾಕು. ಹೀಗೆ ಒತ್ತಿದಾಗ ಹಾಳಿಯ ಇನ್ನೊಂದು ಬದಿಗೆ ಸಣ್ಣ ಉಬ್ಬು ಏಳುತ್ತದೆ. ಮಡಿಸುವಾಗ ಆ ಉಬ್ಬು ಕಾರ್ಡಿನ ಒಳಬದಿಗೆ ಬರಬೇಕು. ಹಲವರು ಇದನ್ನು ತಿರುಗಾ ಮುರುಗಾ ಮಾಡುತ್ತಾರೆ.

ಬಹಳ ವರ್ಷ ಇಡುವ ಕಾರ್ಡಾದರೆ ಇನ್ನೊಂದು ಮಾತು. ಸುದ್ದಿಪತ್ರಿಕೆಯ ಜಾತಿಯ ಅಗ್ಗದ ಹಾಳಿಯಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಯಾಗುತ್ತದೆ. ಪ್ರಿಂಟರಿನ ಬಣ್ಣವೂ ಬಿಸಿಲಿಗೆ ಮಾಸುತ್ತದೆ. ಟ್ರಂಕಿನ ಕತ್ತಲೆಯಲ್ಲಿದ್ದುದರಿಂದಲೇ ಅಜ್ಜಿಯ ಕಾರ್ಡುಗಳು ಬಣ್ಣ ಉಳಿಸಿಕೊಂಡಿದ್ದವು.

ಪಾಲಕರಿಗೆ ಎರಡು ಮಾತು

ಮಕ್ಕಳು ಮೊದಲು ಸಾಧಾರಣ ಹಾಳಿಯಲ್ಲಿ ಅಚ್ಚು ಮಾಡಿ, ಮಡಿಸಿ, ಚಿತ್ರ ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಲಿ. ಆಮೇಲೆ ಒಳ್ಳೆಯ ಹಾಳಿ ಹಾಕಲಿ. ಚಮಕಿ, ಅಂಟಿಸಿದ ಹೂವು ಇರುವ ಹಾಳಿಯನ್ನು ಪ್ರಿಂಟರಿಗೆ ಹಾಕಲು ಬಿಡಬೇಡಿ. ಅಲಂಕಾರವೆಲ್ಲ ಅಚ್ಚಾದ ಮೇಲೆ. ಬ್ಲೇಡಿನ ಕೆಲಸವನ್ನು ದೊಡ್ಡವರೇ ಮಾಡಿಕೊಡುವುದು ಕ್ಷೇಮ. ಒಂದೆರಡು ಹಾಳಿ ಕೆಟ್ಟರೆ ಬೈಯಬೇಡಿ. ಏಕೆ ಕೆಟ್ಟಿತೆಂದು ಕೇಳಿ. ಗಣಿತ, ಸ್ಥಿರ ವಿದ್ಯುತ್ತು, ನಾರಿನ ಗುಣ ಇಷ್ಟನ್ನೂ ಮೂರು ಕೆಟ್ಟ ಹಾಳಿ ಕಲಿಸುವುದಾದರೆ ಅದು ದುಬಾರಿಯ ಪಾಠವೇನಲ್ಲ.

ಆ ಹುಡುಗಿ ಅದೇ 180ರ ಐವರಿ ಶೀಟನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋದಳು. ನಾಲ್ಕನೆಯ ಕಾರ್ಡಿನ ಮಡಿಕೆ ನೂಲು ಹಿಡಿದಂತೆ ನೇರವಾಗಿ ಬಂತು. ಅಪ್ಪ ಅದನ್ನು ಎರಡು ಸಲ ತೆರೆದು ಮುಚ್ಚಿ ನೋಡಿ, ಏನೂ ಹೇಳದೆ ಮೇಜಿನ ಮೇಲಿಟ್ಟರು.

ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲದ ಜತೆ ಕಾರ್ಡು ಗೆಳತಿಯ ಕೈಸೇರಿತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ನೀನ ಮಾಡಿದ್ಯಾ?"

"ಹೂಂ. ಇದು ನಾಕನೇದು. ಮೂರು ಕೆಟ್ಟುವು."

"ಅವನ್ನ ಒಗದಿಯೇನು?"

"ಇಲ್ಲ, ಅದಾವು."

"ಹಂಗಾದ್ರ ನಾಳೆ ಸಾಲಿಗೆ ತಗೊಂಬಾ. ಅವೂ ನನಗ ಬೇಕು."