ಅಂಗೈಯ ಆಸ್ಪತ್ರೆಗೆ ಹಣ ಕೊಡುವವರು ಯಾರು?

ಮೊಬೈಲ್ ಆರೋಗ್ಯ ಉದ್ಯಮದ ಬಗ್ಗೆ ಮಾತು ಬಂದಲ್ಲೆಲ್ಲ ಒಂದು ಲೆಕ್ಕ ತಪ್ಪದೆ ಕೇಳಿಸುತ್ತದೆ. ದೇಶದಲ್ಲಿ ಜನ ಇಷ್ಟು ಕೋಟಿ, ಸ್ಮಾರ್ಟ್‌ಫೋನು ಇಷ್ಟು ಕೋಟಿ, ಹಳ್ಳಿಗಳಲ್ಲಿ ಡಾಕ್ಟರುಗಳ ಕೊರತೆ. ಆದ್ದರಿಂದ ಮಾರುಕಟ್ಟೆ ಅಪಾರ. ಲೆಕ್ಕದ ಮೊದಲ ಮೂರು ಸಾಲೂ ನಿಜ, ಅನುಮಾನವಿರುವುದು 'ಆದ್ದರಿಂದ'ದ ಮೇಲೆ. ಫೋನಿದ್ದವರೆಲ್ಲ ಗಿರಾಕಿಗಳಲ್ಲ, ಕಾಯಿಲೆ ಇದ್ದವರೆಲ್ಲರೂ ಅಲ್ಲ. ಆರೋಗ್ಯದ ವ್ಯವಹಾರದಲ್ಲಿ ಸೇವೆ ಪಡೆಯುವವರೊಬ್ಬರು, ಚೀಟಿ ಬರೆಯುವವರೊಬ್ಬರು, ಹಣ ತೆರುವವರು ಇನ್ನೊಬ್ಬರು. ಈ ಉದ್ಯಮ ಎಷ್ಟು ಬೆಳೆದೀತು ಎಂಬುದನ್ನು ಆ ಮೂರನೆಯವರು ನಿರ್ಧರಿಸುತ್ತಾರೆ. ಮತ್ತು ಇನ್ನೊಬ್ಬರು, ಯಾವ ಲೆಕ್ಕಪತ್ರದಲ್ಲೂ ಕಾಣದವರು, ರೋಗಿಯ ಪಕ್ಕದಲ್ಲಿ ಫೋನು ಹಿಡಿದು ನಿಂತವರು.

ತಂತ್ರಜ್ಞಾನ ಇಲ್ಲಿ ಅಡ್ಡಿಯಲ್ಲ. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಸ್ಮಾರ್ಟ್‌ಫೋನು ಎಂಬ ಪದವನ್ನೇ ನಾವು ಕೇಳಿರದ ಕಾಲ ಅದು. ಬಹಳ ಕಾಲ ತೊಡಕಾಗಿದ್ದುದು ಕಾನೂನು: ಮುಖ ನೋಡದೆ, ನಾಡಿ ಹಿಡಿಯದೆ ಔಷಧಿ ಬರೆದುಕೊಟ್ಟರೆ ತಪ್ಪೋ ಸರಿಯೋ ಎಂಬ ಅಳುಕು ಡಾಕ್ಟರುಗಳಲ್ಲಿತ್ತು. 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನಿನ ಮೊದಲ ದಿನ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿ ಆ ಅಳುಕು ಬಿಡಿಸಿತು. ಯಾವ ಔಷಧಿಯನ್ನು ಫೋನಿನಲ್ಲೇ ಬರೆಯಬಹುದು, ಯಾವುದಕ್ಕೆ ವಿಡಿಯೊ ಬೇಕು, ಯಾವುದನ್ನು ಬರೆಯಲೇಬಾರದು ಎಂದು ಅದರಲ್ಲಿ ವಿಂಗಡಣೆ ಇದೆ.

ಬಾಗಿಲು ತೆರೆದ ಮೇಲೂ ಹಣದ ಪ್ರಶ್ನೆ ಹೊಸ್ತಿಲಲ್ಲೇ ಕೂತಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಕೈಯಿಂದಲೇ ಕೊಟ್ಟಿದ್ದಾರೆ. ಆಯುಷ್ಮಾನ್ ಭಾರತ್ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ, ಆದರೆ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಖಾಸಗಿ ವಿಮೆಯ ಬಹುಪಾಲು ಪಾಲಿಸಿಗಳದೂ ಇದೇ ದಾರಿ. ಮೊಬೈಲ್ ಆರೋಗ್ಯ ಸೇವೆಯ ಗುರಿಯೇ ಜನ ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವುದು: ಬಿ.ಪಿ. ಮಾತ್ರೆ ನೆನಪಿಸುವುದು, ಸಕ್ಕರೆ ಏರಿದ್ದನ್ನು ಮೊದಲೇ ಹಿಡಿಯುವುದು. ಹಾಸಿಗೆ ಹಿಡಿದವರಿಗೆ ಹಣವಿದೆ, ಹಿಡಿಯದಂತೆ ತಡೆದವರಿಗೆ ಇಲ್ಲ. ಇಂಥ ಏರ್ಪಾಡಿನಲ್ಲಿ ಕಂಪನಿಗಳು ಏನು ಮಾಡಬೇಕಿತ್ತೋ ಅದನ್ನೇ ಮಾಡಿದವು: ಸಲಹೆಯನ್ನು ಅಗ್ಗವಾಗಿಸಿ, ಔಷಧಿಯಲ್ಲೂ ರಕ್ತಪರೀಕ್ಷೆಯಲ್ಲೂ ಲಾಭ ಹುಡುಕಿದವು. ಔಷಧಿ ಮಾರುತ್ತಿದ್ದ ಫಾರ್ಮ್‌ಈಸಿಯ ಮಾತೃಸಂಸ್ಥೆ 2021ರಲ್ಲಿ ಥೈರೊಕೇರ್ ಪ್ರಯೋಗಾಲಯಗಳನ್ನು ಕೊಂಡದ್ದು ಈ ತರ್ಕದಲ್ಲೇ. ಆಮೇಲೆ ಆ ಮಾತೃಸಂಸ್ಥೆಯ ಮೌಲ್ಯ ಕುಸಿದುಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮಾತ್ರೆ ಮಾರಿದಷ್ಟೂ ಲಾಭವಾಗುವ ಆ್ಯಪ್ ನಮಗೆ ಮಾತ್ರೆ ಬೇಡವೆಂದು ಹೇಳುತ್ತದೆಂದು ನಂಬುವುದು ನನಗಂತೂ ಕಷ್ಟ.

ಹೊರದೇಶಗಳ ಅನುಭವವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಅಮೆರಿಕದ ಪೇರ್ ಥೆರಪ್ಯೂಟಿಕ್ಸ್ ಕಂಪನಿಯ ವ್ಯಸನಮುಕ್ತಿ ಆ್ಯಪ್‌ಗೆ 2017ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತ್ತು; ಡಾಕ್ಟರ ಚೀಟಿಯ ಮೇಲೆ ಕೊಡುವ ಆ್ಯಪ್ ಅದು. ವಿಮಾ ಕಂಪನಿಗಳು ಹಣ ಕೊಡಲು ಹಿಂಜರಿದವು. 2023ರಲ್ಲಿ ಕಂಪನಿ ದಿವಾಳಿಯಾಯಿತು. ಜರ್ಮನಿ ಇದಕ್ಕೆ ತಿರುಗುಮುರುಗು. 2019ರ ಕೊನೆಯಲ್ಲಿ ಕಾನೂನು ಮಾಡಿ, ಪಟ್ಟಿಗೆ ಸೇರಿದ ಆ್ಯಪ್‌ಗಳ ಖರ್ಚನ್ನು ಸಾರ್ವಜನಿಕ ವಿಮೆಯೇ ಭರಿಸುವಂತೆ ಮಾಡಿತು. ಪ್ರಯೋಜನವಿದೆಯೆಂದು ತೋರಿಸಲು ಕಂಪನಿಗೆ ಸಾಮಾನ್ಯವಾಗಿ ಒಂದು ವರ್ಷ ಗಡುವು. ತೋರಿಸಲಾಗದೆ ಪಟ್ಟಿಯಿಂದ ಹೊರಬಿದ್ದವೂ ಇವೆ. ರುವಾಂಡದ ಪಾಠ ಇನ್ನೂ ಕಟು. ಲಂಡನ್ನಿನ ಬ್ಯಾಬಿಲಾನ್ ಅಲ್ಲಿ ನಡೆಸುತ್ತಿದ್ದ ಫೋನ್ ಚಿಕಿತ್ಸಾ ಸೇವೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರು, ಸಮುದಾಯ ವಿಮೆಯೂ ಜೊತೆಗಿತ್ತು. 2023ರಲ್ಲಿ ಲಂಡನ್ನಿನ ಕಂಪನಿ ಮುಳುಗಿದಾಗ ರುವಾಂಡದ ಸೇವೆಯೂ ನಿಂತಿತು. ಹಣ ಕೊಡುವವರಿದ್ದರೆ ಸಾಲದು, ವ್ಯವಸ್ಥೆಯ ಕೀಲಿಕೈ ಯಾರ ಬಳಿ ಇದೆ ಎಂಬುದೂ ಮುಖ್ಯ.

ನಮ್ಮಲ್ಲಿ ನಿಜವಾಗಿ ಬೆಳೆದದ್ದು ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿ. 2023ರ ಫೆಬ್ರವರಿ ಹೊತ್ತಿಗೇ ಅದು 10 ಕೋಟಿ ಸಮಾಲೋಚನೆ ದಾಟಿತ್ತು. ಅದರಲ್ಲಿ ಬಹುಪಾಲು ರೋಗಿ ಮನೆಯಲ್ಲಿ ಕೂತು ಡಾಕ್ಟರಿಗೆ ಮಾಡಿದ ವಿಡಿಯೊ ಕರೆಗಳಲ್ಲ. ಊರಿನ ಆರೋಗ್ಯ ಕೇಂದ್ರಕ್ಕೆ ಬಂದವರನ್ನು ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿ ಕೂರಿಸಿಕೊಂಡು, ಬಿ.ಪಿ. ನೋಡಿ, ತಾಲ್ಲೂಕು ಅಥವಾ ಜಿಲ್ಲೆಯ ಡಾಕ್ಟರಿಗೆ ಜೋಡಿಸಿದವು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ದೇಶದಲ್ಲಿ ಸುಮಾರು ಶೇ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಮೂರರಲ್ಲಿ ಒಬ್ಬರು. ಮನೆಯಲ್ಲಿ ಫೋನಿರುತ್ತದೆ, ಆದರೆ ಅದು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಬಿಳಿಸೆರಗಿನ ತೊಂದರೆಯನ್ನು ಮಗನ ಫೋನಿನಲ್ಲಿ ಟೈಪ್ ಮಾಡುವ ತಾಯಿ ಎಲ್ಲಿದ್ದಾಳೆ? ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರಲ್ಲಿ ಶುರುವಾದಾಗ ಬರೀ 14416 ಎಂಬ ನಂಬರನ್ನು ಮುಂದಿಟ್ಟದ್ದು ಜಾಣತನ. ಗುಂಡಿ ಒತ್ತುವ ಹಳೇ ಫೋನಿನಿಂದಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಯಂತ್ರಕ್ಕಿಂತ ಅದರ ಪಕ್ಕದಲ್ಲಿರುವ ಮನುಷ್ಯ ಮುಖ್ಯ ಎಂಬುದು ಹೃದಯದ ವಿಷಯದಲ್ಲಿ ಇನ್ನೂ ಸ್ಪಷ್ಟ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರದಿ ನೋಡಿ ಹೇಳುವ ಪದ್ಧತಿ ಕಟ್ಟಿದರು. ಹೊಸ ಆ್ಯಪ್ ಇಲ್ಲ, ಹೂಡಿಕೆದಾರರಿಲ್ಲ. ಎಲ್ಲರ ಫೋನಿನಲ್ಲೂ ಆಗಲೇ ಇದ್ದದ್ದು ಸಾಕಾಯಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯ ಸರ್ಕಾರ ಇದೇ ಬಗೆಯ ಕೆಲಸವನ್ನು ದೊಡ್ಡದಾಗಿ ಕೈಗೆತ್ತಿಕೊಂಡಿದೆ: ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ಕೆಲವೇ ನಿಮಿಷಗಳಲ್ಲಿ ತಜ್ಞರ ಕಣ್ಣಿಗೆ ಬೀಳುತ್ತದೆ, ಹೃದಯಾಘಾತವೆಂದಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ. ಈ ಸರಪಳಿಯಲ್ಲಿ ತಂತ್ರಾಂಶದ್ದು ಒಂದು ಕೊಂಡಿ ಮಾತ್ರ. ಎದೆಗೆ ತಂತಿ ಅಂಟಿಸಲು ಬರುವ ನರ್ಸ್ ರಾತ್ರಿ ಪಾಳಿಯಲ್ಲಿ ಇಲ್ಲದಿದ್ದರೆ, ಸಾವಿರಾರು ರೂಪಾಯಿಯ ಆ ಔಷಧಿ ದಾಸ್ತಾನಿನಲ್ಲಿ ಇಲ್ಲದಿದ್ದರೆ, ತಜ್ಞರಿಂದ ಬಂದ ವರದಿ ಸಾವಿನ ಕಾರಣವನ್ನು ಬೇಗ ತಿಳಿಸಿದಂತಾಯಿತು, ಅಷ್ಟೆ.

ಇಂಥ ಕೆಲಸಗಾರರ ಮೇಲೆ ಉದ್ಯಮವಾಗಲಿ ಸರ್ಕಾರವಾಗಲಿ ಹೇರುವ ಭಾರದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಅಂಗನವಾಡಿಯ ಪೌಷ್ಟಿಕತೆಯ ಲೆಕ್ಕವಿಡುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನೇ ವಾಪಸು ಕೊಟ್ಟರು. ಫೋನು ಬಿಸಿಯಾಗಿ ನಿಲ್ಲುತ್ತಿತ್ತು, ಆ್ಯಪ್ ಇಂಗ್ಲಿಷಿನಲ್ಲಿತ್ತು. ನಮ್ಮ ಆಶಾ ಕಾರ್ಯಕರ್ತೆಯರ ಹೋರಾಟಗಳಲ್ಲೂ ಒಂದು ದೂರು ಮತ್ತೆ ಮತ್ತೆ ಬರುತ್ತದೆ: ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗಿಲ್ಲವೆಂದು ಪ್ರೋತ್ಸಾಹಧನ ತಪ್ಪುತ್ತದೆ. ಪೇಪರು ತಪ್ಪಲಿಲ್ಲ, ಫೋನು ಸೇರಿತು, ಗೌರವಧನ ಮಾತ್ರ ಸಂಬಳವಾಗಲಿಲ್ಲ.

ಇನ್ನು, ಹೀಗೆ ಸೇರುವ ರೋಗಿಗಳ ಮಾಹಿತಿಯ ಗುಟ್ಟಿನ ಪ್ರಶ್ನೆಯನ್ನು ಕಾನೂನು ತಡವಾಗಿ ಮುಟ್ಟಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಸೈಬರ್ ದಾಳಿಗೆ ಸಿಕ್ಕಿ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಕೈಬರಹಕ್ಕೆ ಮರಳಿತ್ತು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ. ಅದರ ಸಮ್ಮತಿ ಎಂಬ ತತ್ವ ಸರಿಯೇ, ಆದರೆ ಸಣ್ಣಕ್ಷರದ ಷರತ್ತುಗಳ ಕೆಳಗಿನ 'ಒಪ್ಪಿದೆ' ಗುಂಡಿಯನ್ನು ನೋವಿನಲ್ಲಿ ಒತ್ತುವವರು ಒಪ್ಪಿದ್ದೇನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಹಾಗಾದರೆ ಬೆಳವಣಿಗೆ ಎಲ್ಲಿದೆ? ನಗರದ ಸಂಬಳದಾರರಿಗೆ ಕೈಗಡಿಯಾರದಲ್ಲಿ ಎದೆಬಡಿತ ತೋರಿಸುವ ವ್ಯಾಪಾರ ತಾನಾಗಿ ನಡೆದುಕೊಂಡು ಹೋಗುತ್ತದೆ, ಅದರ ಚಿಂತೆ ಬೇಡ. ದೊಡ್ಡ ಅಗತ್ಯವಿರುವ ಕಡೆ ಬಿಡಿಬಿಡಿಯಾಗಿ ಹಣ ಕೊಡುವ ಶಕ್ತಿ ಇಲ್ಲ, ಅಲ್ಲಿ ಗಿರಾಕಿ ಸರ್ಕಾರವೇ ಆಗಬೇಕು. ಸರ್ಕಾರ ಗಿರಾಕಿಯಾದರೆ ಬಾಕಿ ಬಿಲ್ಲು, ಎಣಿಕೆಯ ಹುಚ್ಚು, ಟೆಂಡರಿನ ರಾಜಕೀಯ ಎಲ್ಲ ಜೊತೆಗೇ ಬರುತ್ತವೆ; ಆದರೂ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಹೊರರೋಗಿ ಚಿಕಿತ್ಸೆಯೂ ವಿಮೆಯೊಳಗೆ ಬರಲಿ. ಎಷ್ಟು ಕರೆ ಎಂದು ಎಣಿಸುವ ಬದಲು ಎಷ್ಟು ಜನರ ಬಿ.ಪಿ. ಹತೋಟಿಗೆ ಬಂತೆಂದು ನೋಡಿ ಕಂಪನಿಗೆ ಹಣ ಕೊಡಲಿ. ಟೆಂಡರಿನಲ್ಲಿ ತಂತ್ರಾಂಶದ ಬೆಲೆಯ ಪಕ್ಕದಲ್ಲೇ ಅದನ್ನು ಬಳಸುವ ನರ್ಸ್ ಮತ್ತು ಆಶಾ ಕಾರ್ಯಕರ್ತೆಯ ಹೊತ್ತಿನ ಬೆಲೆಯೂ ಒಂದು ಸಾಲಾಗಿ ಬರಲಿ. ಆ ಒಂದು ಸಾಲು ಸೇರಿದರೆ ಇಂದು ಅಗ್ಗವಾಗಿ ಕಾಣುವ ಎಷ್ಟೋ ಆ್ಯಪ್‌ಗಳು ದುಬಾರಿಯೆನಿಸುತ್ತವೆ, ಕೆಲವು ಟೆಂಡರಿಗೇ ಬರುವುದಿಲ್ಲ.