ಫ್ಯಾನಿಗೆ ಯಾಕೆ ಅಷ್ಟು ದುಡ್ಡು?

"ಚಿಪ್ ಅದೇ, ಮೆಮರಿ ಅದೇ. ಬರೀ ಫ್ಯಾನಿಗೆ ಮೂರು ಸಾವಿರ ಜಾಸ್ತಿ ಯಾಕೆ?"

ಈ ಮಾತು ಆಡಿದ ಜಾಣ ನಾನೇ. 2022ರ ದೀಪಾವಳಿ ಹೊತ್ತಿಗೆ, ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ, ಮಗಳ ಎದುರಿಗೇ. ಅವಳು ಮನೆಯಿಂದಲೇ ಆರ್ಕಿಟೆಕ್ಟುಗಳಿಗೆ ತ್ರೀಡಿ ಚಿತ್ರ ಮಾಡಿಕೊಡುತ್ತಾಳೆ. ರಾತ್ರಿ ರೆಂಡರಿಂಗ್ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಚಿತ್ರ ತಯಾರು. ಅವಳು ತೋರಿಸಿದ್ದು ದಪ್ಪ ಹೀಟ್‌ಸಿಂಕ್ ಇದ್ದ ಗ್ರಾಫಿಕ್ಸ್ ಕಾರ್ಡು, ನಾನು ಕೊಡಿಸಿದ್ದು ಅದೇ ಚಿಪ್ಪಿನ ಅತಿ ಅಗ್ಗದ ಮಾಡೆಲ್ಲು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನಿಗೆ ಇಷ್ಟು ಗೊತ್ತಾಗುವುದಿಲ್ಲವೇ ಅನ್ನುವ ಗತ್ತು ಬೇರೆ!

2024ರ ಏಪ್ರಿಲ್ ಬಂತು. ಹವಾಮಾನ ಇಲಾಖೆ ಮುಂಬಯಿ, ಠಾಣೆ, ರಾಯಗಡ ಜಿಲ್ಲೆಗಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ತಿಂಗಳು ಅದು. ಡೊಂಬಿವಲಿಯ ನಮ್ಮ ಫ್ಲಾಟಿನಲ್ಲಿ ರಾತ್ರಿಯೂ ಗೋಡೆ ಬೆಚ್ಚಗೆ. ಒಂದು ರಾತ್ರಿ ಕಾರ್ಡಿನ ಎರಡು ಫ್ಯಾನುಗಳಲ್ಲಿ ಒಂದು ನಿಂತುಹೋಯಿತು, ಬೆಳಿಗ್ಗೆ ನೋಡಿದರೆ ಪರದೆ ಕಪ್ಪು. ವಾರಂಟಿ ಮೂರು ವರ್ಷ ಇತ್ತು. ಆದರೆ ಸರ್ವಿಸ್ ಸೆಂಟರಿನವರು ಕಾರ್ಡನ್ನು ಬೆಳಕಿಗೆ ಹಿಡಿದು, "ತುಕ್ಕು ಹಿಡಿದಿದೆ, ವಾರಂಟಿ ಸಿಗಲ್ಲ" ಅಂದರು. ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ ಆ ಷರತ್ತು ಇತ್ತು. ಜೀವಮಾನವಿಡೀ ಬೇರೆಯವರಿಗೆ "ಸಹಿ ಹಾಕುವ ಮೊದಲು ಓದಿ" ಅಂದವನು ನಾನು, ಅದನ್ನೇ ಓದಿರಲಿಲ್ಲ. ಕೆಲಸ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲವೆಂದು ಆ ಆರ್ಕಿಟೆಕ್ಟ್ ಮತ್ತೆ ಫೋನ್ ಮಾಡಲಿಲ್ಲ. ಮಗಳು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಕೂತು ಓದಿದೆ.

ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ ನೋಡಿ, ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ಸಾಗಿಸುತ್ತದೆ ಅಷ್ಟೇ. ಕೋಣೆ 24 ಡಿಗ್ರಿ ಇದ್ದಾಗ ಚಿಪ್ 72 ತೋರಿಸಿದರೆ, ನಮ್ಮ 34 ಡಿಗ್ರಿಯ ಕೋಣೆಯಲ್ಲಿ ಅದೇ ಕಾರ್ಡು 82ರ ಹತ್ತಿರ ಹೋಗುತ್ತದೆ. ಆಗ ಫ್ಯಾನು ಪೂರ್ತಿ ವೇಗದಲ್ಲಿ ಒದ್ದಾಡುತ್ತದೆ. ಸಾಲದಿದ್ದರೆ ಚಿಪ್ ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಅಂದರೆ ದುಡ್ಡು ಕೊಟ್ಟು ಕೊಂಡ ವೇಗವೂ ಕೈಗೆ ಸಿಗುವುದಿಲ್ಲ. ಅಗ್ಗದ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಇರುವ ಸ್ಲೀವ್ ಬೇರಿಂಗಿನ ಎಣ್ಣೆ ಬಿಸಿಗೆ ಬೇಗ ಒಣಗುತ್ತದೆ, ಬಾಲ್ ಬೇರಿಂಗ್ ಹೆಚ್ಚು ಬಾಳುತ್ತದೆ. ಇದರ ಮೇಲೆ ರಸ್ತೆ ಅಗೆತ, ಕಟ್ಟಡಗಳ ಧೂಳು. ಮಳೆಗಾಲದ ತೇವಕ್ಕೆ ಅದು ಹೀಟ್‌ಸಿಂಕಿನ ಸಂದಿಯಲ್ಲಿ ಕೆಸರಿನ ಹಾಗೆ ಕೂರುತ್ತದೆ.

ಇದು ಬಡಪಾಯಿ ಗಿರಾಕಿಯೊಬ್ಬನ ತಪ್ಪು ಮಾತ್ರವಲ್ಲ. ಮೈಕ್ರೋಸಾಫ್ಟ್ 2007ರಲ್ಲಿ ಎಕ್ಸ್‌ಬಾಕ್ಸ್ 360ರ ರಿಪೇರಿಗೆಂದು ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ ತಣಿದು ಒಳಗಿನ ಸಣ್ಣ ಜೋಡಣೆಗಳು ಬಿರುಕು ಬಿಟ್ಟಿದ್ದವು. 2008ರಲ್ಲಿ ಎನ್ವಿಡಿಯಾ ಕೂಡ ಲ್ಯಾಪ್‌ಟಾಪ್ ಚಿಪ್ಪುಗಳ ದುರ್ಬಲ ಪ್ಯಾಕೇಜಿಂಗಿಗಾಗಿ 15ರಿಂದ 20 ಕೋಟಿ ಡಾಲರ್ ಪ್ರಾವಿಷನ್ ಮಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೊದಲು ಉಳಿಸಿದ್ದೆಲ್ಲ ಆಮೇಲೆ ಕೆಟ್ಟ ಸಾಲ!

ದೊಡ್ಡವರು ಪಾಠ ಕಲಿತಿದ್ದಾರೆ. ಪನ್ವೇಲ್ ಬಳಿಯ ಯೋಟ್ಟಾ ಡೇಟಾ ಸೆಂಟರಿಗೆ 2024ರಲ್ಲಿ ಎನ್ವಿಡಿಯಾದ ಎಚ್100 ಚಿಪ್ಪುಗಳು ಬಂದವು. ಅಂಥ ಒಂದೊಂದು ಚಿಪ್ಪು 700 ವ್ಯಾಟ್‌ವರೆಗೆ ಎಳೆಯುತ್ತದೆ, ಹೆಚ್ಚುಕಮ್ಮಿ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಐರೋಲಿ, ಮಹಾಪೆ ಕಡೆ ಇಂಥ ಕಟ್ಟಡಗಳನ್ನು ನೋಡಿರುತ್ತೀರಿ. ಅಲ್ಲಿ ಯಾರೂ "ಕೂಲಿಂಗಿಗೆ ಯಾಕೆ ದುಡ್ಡು" ಅಂತ ಕೇಳುವುದಿಲ್ಲ. ಕೇಳುವುದು ನಮ್ಮಂಥ ಅಪ್ಪಂದಿರು.

ಹಾಗಂತ ಅತಿ ದುಬಾರಿಯದನ್ನೇ ಕೊಳ್ಳಿ ಅನ್ನುತ್ತಿಲ್ಲ. ತುತ್ತತುದಿಯ ಮಾಡೆಲ್ಲುಗಳಲ್ಲಿ ಅರ್ಧ ದುಡ್ಡು ಬಣ್ಣದ ದೀಪಕ್ಕೆ ಮತ್ತು ಹೆಸರಿಗೆ ಹೋಗುತ್ತದೆ, ವೇಗ ಹೆಚ್ಚುವುದು ಅತ್ಯಲ್ಪ. ನನ್ನ ಅಭಿಪ್ರಾಯ ಇಷ್ಟೇ. ದುಡ್ಡು ಸಾಲದಿದ್ದರೆ ಚಿಪ್ಪಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಕೂಲರಿನಲ್ಲಿ ಇಳಿಯಬೇಡಿ. ತಾಮ್ರದ ಹೀಟ್‌ಪೈಪ್ ಇದೆಯೇ, ಬೇರಿಂಗ್ ಯಾವುದು, ವಾರಂಟಿಯಲ್ಲಿ ತುಕ್ಕಿನ ಷರತ್ತು ಏನು ಅಂತ ಕೇಳಿ. ವ್ಯಾಟೂ ನೋಡಿ. 2021ರ ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವ್ಯಾಟ್ ಬೇಕಿತ್ತು, 2023ರ 4060ಕ್ಕೆ 115 ಸಾಕು. ಹುಟ್ಟದ ಬಿಸಿಯನ್ನು ಯಾರೂ ಹೊರಹಾಕಬೇಕಿಲ್ಲ. ಇನ್ನು ಸೆಕೆಂಡ್‌ಹ್ಯಾಂಡ್. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಚಿಪ್ ಚೆನ್ನಾಗಿರಬಹುದು, ಆದರೆ ಫ್ಯಾನು ಮತ್ತು ಪೇಸ್ಟ್ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಬ್ಯಾಂಕಿನಲ್ಲಿ ಕಂಪ್ಯೂಟರನ್ನು ವರ್ಷಕ್ಕೆ 33.33 ಶೇಕಡಾದಂತೆ ಮೂರು ವರ್ಷದಲ್ಲಿ ಲೆಕ್ಕದಿಂದ ತೆಗೆಯುತ್ತೇವೆ. ಮನೆಯದು ಹಾಗಲ್ಲ, ಆರು ವರ್ಷ ಬಾಳಬೇಕು. ಮೂರು ಸಾವಿರವನ್ನು ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ನಲವತ್ತೆರಡು ರೂಪಾಯಿಯೂ ಆಗುವುದಿಲ್ಲ. ಅಷ್ಟಕ್ಕೆ ನಾನು ಮಗಳ ಒಂದು ಗಿರಾಕಿಯನ್ನು ಕಳೆದೆ.

ಈಗ ಹೊಸ ಕಾರ್ಡು ಬಂದಿದೆ, ಆರಿಸಿದ್ದು ಅವಳೇ. ನಾನು ಬಾಯಿ ಮುಚ್ಚಿಕೊಂಡು ಕಾರ್ಡ್ ಉಜ್ಜಿದೆ. ಸಿಪಿಯು ಡಬ್ಬವನ್ನು ಮೇಜಿನ ಕೆಳಗಿನ ಗೂಡಿನಿಂದ ತೆಗೆದು ಗಾಳಿಗೆ ಇಟ್ಟಿದ್ದೇವೆ. ಆಯುಧಪೂಜೆಗೆ ಕುಂಕುಮ ಹಚ್ಚುವ ಮೊದಲು ಫ್ಯಾನನ್ನು ಬೆರಳಲ್ಲಿ ತಿರುಗದಂತೆ ಹಿಡಿದು ಧೂಳು ಊದಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.

ನಿಮ್ಮ ಮನೆಯ ಡಬ್ಬದೊಳಗೆ ಒಮ್ಮೆ ಇಣುಕಿ ನೋಡಿದ್ದೀರಾ?